ಗೆರೆಯ ಈಚೆಗಿರುವ ಜಾಗ

ಗಣಿತದ ಪಾಠವೊಂದನ್ನು ಚಿತ್ರೀಕರಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸಾರ್, ಸಮೀಕರಣಕ್ಕೆ ಗೆರೆ ಎಳೆಯುತ್ತೇವೆ, ಸರಿ. ಅಸಮತೆಗೆ ಮಾತ್ರ ಗೆರೆಯ ಒಂದು ಕಡೆಯೆಲ್ಲ ಪೆನ್ಸಿಲಿನಿಂದ ತುಂಬುವುದೇಕೆ?” ನಾನು ವಿಜ್ಞಾನ ಪದವೀಧರನಾದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಇತಿಹಾಸ ಕೊಡುವ ಉತ್ತರವನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

‘ಹೆಚ್ಚು’, ‘ಕಡಿಮೆ’ ಎಂಬುದಕ್ಕೆ ನೀವು ಬಳಸುವ ಚಿಹ್ನೆಗಳು ಮೊದಲು ಅಚ್ಚಾದದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ರ ಪುಸ್ತಕದಲ್ಲಿ. ಆ ವೇಳೆಗೆ ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. 1637ರಲ್ಲಿ ಫ್ರಾನ್ಸಿನ ದೆಕಾರ್ತೆ ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆದರು. ಚಿಹ್ನೆಯೂ ಸಿಕ್ಕಿತು, ಚಿತ್ರದ ದಾರಿಯೂ ಸಿಕ್ಕಿತು. ಆದರೂ ಗಣಿತಜ್ಞರ ಗಮನ ಬಹುಕಾಲ ಗೆರೆಯ ಮೇಲೆಯೇ ಇತ್ತು.

ಗೆರೆಯ ಪಕ್ಕದ ಜಾಗದಲ್ಲಿ ಏನಿದೆ? ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ ಕುರ್ಚಿ, ಲಂಬ ಅಕ್ಷದಲ್ಲಿ ಮೇಜು. ಬಡಗಿಯೊಬ್ಬನ ಬಳಿ 8 ಹಲಗೆ, 12 ಗಂಟೆ ಸಮಯ ಇದೆಯೆನ್ನಿ. ಕುರ್ಚಿಗೆ 1 ಹಲಗೆ, 3 ಗಂಟೆ. ಮೇಜಿಗೆ 2 ಹಲಗೆ, 2 ಗಂಟೆ ಬೇಕು. ಹಲಗೆಯ ಗೆರೆಯನ್ನು 8 ಕುರ್ಚಿಯಿಂದ 4 ಮೇಜಿಗೆ, ಸಮಯದ ಗೆರೆಯನ್ನು 4 ಕುರ್ಚಿಯಿಂದ 6 ಮೇಜಿಗೆ ಎಳೆಯಿರಿ. ಯಾವ ಕಡೆ ತುಂಬಬೇಕು? ಮೂಲಬಿಂದುವನ್ನು ಪರೀಕ್ಷಿಸಿ. ಏನನ್ನೂ ಮಾಡದಿದ್ದರೆ ಹಲಗೆಯೂ ಸಮಯವೂ ಸಾಲುತ್ತವೆ. ಆದ್ದರಿಂದ ಮೂಲಬಿಂದುವಿರುವ ಕಡೆಯೇ ಸರಿ. ಅಕ್ಷಗಳ ಮತ್ತು ಈ ಎರಡು ಗೆರೆಗಳ ನಡುವೆ ಉಳಿಯುವ ನಾಲ್ಕು ಮೂಲೆಯ ಆಕೃತಿಯೇ ಬಡಗಿಗೆ ಸಾಧ್ಯವಾದುದರ ನಕ್ಷೆ. ಕುರ್ಚಿಗೆ 400, ಮೇಜಿಗೆ 500 ರೂಪಾಯಿ ಲಾಭವಿದ್ದರೆ, ಗೆರೆಗಳೆರಡೂ ಸಂಧಿಸುವ ಮೂಲೆಯಲ್ಲಿ, ಅಂದರೆ 2 ಕುರ್ಚಿ, 3 ಮೇಜು ಮಾಡಿದಾಗ, 2,300 ರೂಪಾಯಿ ದೊರೆಯುತ್ತದೆ. ಉಳಿದ ಮೂಲೆಗಳಲ್ಲಿ 2,000, 1,600 ಮತ್ತು ಸೊನ್ನೆ. ಒಳಗಿನ ಯಾವ ಬಿಂದುವೂ 2,300ನ್ನು ಮೀರದು.

ಈ ಮೂಲೆಗಳ ಮಹತ್ವವನ್ನು 1820ರ ದಶಕದಲ್ಲೇ ಫ್ರಾನ್ಸಿನ ಫೂರಿಯೆ ಕಂಡಿದ್ದರು. ಶಾಖದ ಗಣಿತಕ್ಕಾಗಿ ಅವರ ಹೆಸರು ಉಳಿಯಿತು. ಅಸಮತೆಗಳ ಕೆಲಸ ಮರೆಯಾಯಿತು.

ಮುಂದೆ 1938ರಲ್ಲಿ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡಿನಲ್ಲಿ ಪ್ಲೈವುಡ್ ಉದ್ಯಮದವರು ಲಿಯೊನಿದ್ ಕಾಂತೊರೊವಿಚ್ ಎಂಬ ಯುವ ಪ್ರಾಧ್ಯಾಪಕರ ಸಲಹೆ ಕೇಳಿದರು: 8 ಯಂತ್ರಗಳಿಗೆ 5 ಬಗೆಯ ಮರವನ್ನು ಹೇಗೆ ಹಂಚಿದರೆ ಉತ್ಪಾದನೆ ಹೆಚ್ಚೀತು? ಇಲ್ಲಿ ಚರಾಕ್ಷರಗಳು ಎರಡಲ್ಲ, 40. ಹಾಳೆಯ ಮೇಲೆ ಬರೆಯುವಂತಿಲ್ಲ. ಅವರು ಹೊಸ ವಿಧಾನ ಕಂಡುಹಿಡಿದು 1939ರಲ್ಲಿ ಕಿರುಪುಸ್ತಕ ಪ್ರಕಟಿಸಿದರು. ಆದರೆ ಆ ಲೆಕ್ಕದಿಂದ ಹೊರಡುವ ಬೆಲೆಯ ಕಲ್ಪನೆ ಸರ್ಕಾರಿ ಅರ್ಥಶಾಸ್ತ್ರಕ್ಕೆ ಹಿಡಿಸಲಿಲ್ಲ. 1942ರಲ್ಲಿ ಬರೆದ ದೊಡ್ಡ ಗ್ರಂಥ ಬೆಳಕು ಕಂಡದ್ದು 1959ರಲ್ಲಿ. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು.

ಅತ್ತ ಅಮೆರಿಕದ ವಾಯುಪಡೆಯಲ್ಲಿದ್ದ ಜಾರ್ಜ್ ಡ್ಯಾಂಟ್ಜಿಗ್, ಈ ಕೆಲಸದ ಸುಳಿವಿಲ್ಲದೆ, 1947ರಲ್ಲಿ ‘ಸಿಂಪ್ಲೆಕ್ಸ್’ ವಿಧಾನವನ್ನು ರೂಪಿಸಿದರು. ಅಂಚಿನ ಗುಂಟ ಮೂಲೆಯಿಂದ ಮೂಲೆಗೆ ನಡೆಯುತ್ತ ಉತ್ತಮ ಉತ್ತರವನ್ನು ಹುಡುಕುವುದೇ ಅದರ ತಿರುಳು.

ಹಾಗಾದರೆ ನಡುವಿನ ಜಾಗ ವ್ಯರ್ಥವೇ? ಅಲ್ಲ. 1984ರಲ್ಲಿ ನಮ್ಮ ದೇಶದ ನರೇಂದ್ರ ಕರ್ಮಾರ್ಕರ್, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ, ಅಂಚನ್ನು ಬಿಟ್ಟು ಆಕೃತಿಯ ಒಳಗಿನಿಂದಲೇ ಗುರಿಯತ್ತ ಸಾಗುವ ಮಾರ್ಗವನ್ನು ತೋರಿಸಿದರು. ದೊಡ್ಡ ಲೆಕ್ಕಗಳಿಗೆ ಅಂಥ ಮಾರ್ಗಗಳು ಇಂದಿಗೂ ಬಳಕೆಯಲ್ಲಿವೆ.

ಆ ವಿದ್ಯಾರ್ಥಿನಿಗೆ ಅಂದು ಹೇಳಲಾಗದ್ದನ್ನು ಇಂದು ನಿಮಗೆ ಹೇಳುತ್ತೇನೆ. ಗೆರೆ ಮಿತಿಯನ್ನು ತೋರಿಸುತ್ತದೆ. ಆ ಮಿತಿಯೊಳಗೆ ನಮಗಿರುವ ಆಯ್ಕೆಗಳೆಲ್ಲ ನೀವು ಪೆನ್ಸಿಲಿನಿಂದ ತುಂಬುವ ಜಾಗದಲ್ಲಿವೆ.