ಸರ್ಪಗಂಧದ ಬೇರು, ನರಕೋಶದ ಕೊಂಬೆ

ಖಿನ್ನತೆ ಏಕೆ ಬರುತ್ತದೆ ಎಂದು ಇವತ್ತು ಯಾವ ಹಾಸ್ಟೆಲಿನಲ್ಲಿ ಕೇಳಿದರೂ ‘ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗಿರುತ್ತದೆ’ ಎಂಬ ಉತ್ತರ ಸಿಗುತ್ತದೆ. ಸೃಷ್ಟಿಯಷ್ಟೇ ಹಳೆಯ ಸತ್ಯದಂತೆ ಕೇಳಿಸುವ ಈ ಮಾತಿಗೆ ಅರವತ್ತು ಚಿಲ್ಲರೆ ವರ್ಷ ವಯಸ್ಸು, ಅಷ್ಟೆ. ಅದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಕೈಗೆ ಸಿಗುವುದು ನಮ್ಮದೇ ಕಾಡಿನ ಒಂದು ಗಿಡದ ಬೇರು.

ಸರ್ಪಗಂಧ ಪಶ್ಚಿಮಘಟ್ಟದ ನೆರಳಿನಲ್ಲೂ ಬೆಳೆಯುವ ಸಣ್ಣ ಪೊದೆ. ಹಾವು ಕಚ್ಚಿದಾಗ, ನಿದ್ದೆ ಬಾರದಿದ್ದಾಗ, ಬುದ್ಧಿ ಕೆಟ್ಟಾಗ ಅದರ ಬೇರನ್ನು ಕೊಡುವುದು ಹಳೆಯ ರೂಢಿ. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಈ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ ಹಿಮಾಲಯ ಕಂಪನಿ ಇದರಿಂದ ‘ಸರ್ಪಿನಾ’ ಎಂಬ ಮಾತ್ರೆ ಮಾಡಿತು. ಆಗ ಕಂಪನಿ ಇದ್ದದ್ದು ಡೆಹರಾಡೂನಿನಲ್ಲಿ. ಈಗ ಅದರ ನೆಲೆ ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಸಿಗುವ ಮಾಕಳಿ. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟಿಷ್ ಪತ್ರಿಕೆಯಲ್ಲಿ ಬಂದ ಮೇಲೆ ಪಶ್ಚಿಮದ ಕಣ್ಣು ಈ ಗಿಡದ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ‘ರಿಸರ್ಪಿನ್’ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಇಂದಿನ ನಿಮ್ಹಾನ್ಸ್‌ನ ಹಿಂದಿನ ಅವತಾರ ಅದು.

ಕಥೆ ತಿರುವು ಪಡೆದದ್ದು ಇಲ್ಲಿಂದ. ರಕ್ತದೊತ್ತಡಕ್ಕೆಂದು ರಿಸರ್ಪಿನ್ ತೆಗೆದುಕೊಳ್ಳುತ್ತಿದ್ದ ಕೆಲವರು ಮಂಕಾದರು, ಬದುಕೇ ಬೇಡ ಎನ್ನತೊಡಗಿದರು. 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿ ಅವರ ತಂಡ, ಈ ಔಷಧ ಮೆದುಳಿನ ಸೆರೊಟೋನಿನ್ ದಾಸ್ತಾನನ್ನು ಖಾಲಿ ಮಾಡುತ್ತದೆ ಎಂದು ತೋರಿಸಿತು. ಇತ್ತ ಕ್ಷಯರೋಗಿಗಳಿಗೆ ಕೊಡುತ್ತಿದ್ದ ಐಪ್ರೋನಿಯಜಿಡ್ ಎಂಬ ಔಷಧ ಅವರಲ್ಲಿ ವಿಚಿತ್ರ ಉತ್ಸಾಹ ತರುತ್ತಿತ್ತು. ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಒಡೆದುಹಾಕುವ ಕಿಣ್ವವನ್ನು ಅದು ತಡೆಯುತ್ತಿತ್ತು. ಎರಡನ್ನೂ ಜೋಡಿಸಿ ಸೂತ್ರ ಬರೆಯುವುದು ಸುಲಭವಾಯಿತು: ಈ ರಾಸಾಯನಿಕಗಳು ಇಳಿದರೆ ಖಿನ್ನತೆ, ಏರಿದರೆ ಗುಣ. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್ ಪರವಾಗಿ, 1967ರಲ್ಲಿ ಅಲೆಕ್ ಕಾಪೆನ್ ಸೆರೊಟೋನಿನ್ ಪರವಾಗಿ ವಾದ ಮಂಡಿಸಿದರು. 1987ರಲ್ಲಿ ಅಮೆರಿಕದಲ್ಲಿ ಪ್ರೊಝಾಕ್‌ಗೆ ಪರವಾನಗಿ ಸಿಕ್ಕ ಮೇಲೆ ಈ ಸೂತ್ರ ಜಾಹೀರಾತಿಗೂ ಇಳಿದು ಜನರ ಮಾತಾಯಿತು.

ಸೂತ್ರದಲ್ಲಿ ಒಂದು ಬಿರುಕು ಮೊದಲಿನಿಂದಲೂ ಇತ್ತು. ಅಮೃತಾಂಜನ ಹಚ್ಚಿದರೆ ತಲೆನೋವು ಇಳಿಯುತ್ತದೆ. ಹಾಗೆಂದು ಮೈಯಲ್ಲಿ ಅಮೃತಾಂಜನ ಕಡಿಮೆಯಾಗಿ ತಲೆನೋವು ಬಂತು ಎನ್ನಲಾಗದು. 1955ರಲ್ಲಿಯೇ ಲಂಡನ್ನಿನ ಡೇವಿಸ್ ಮತ್ತು ಶೆಫರ್ಡ್ ಆತಂಕ, ಖಿನ್ನತೆ ಇದ್ದ ರೋಗಿಗಳಲ್ಲಿ ಕೆಲವರಿಗೆ ರಿಸರ್ಪಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದ್ದರು. ರಿಸರ್ಪಿನ್ ಪಡೆದವರೇ ಹೆಚ್ಚು ಚೇತರಿಸಿಕೊಂಡರು! ಸೂತ್ರಕ್ಕೆ ಹೊಂದದ ಈ ಪ್ರಯೋಗ ಬಹುಕಾಲ ಮೂಲೆಯಲ್ಲಿ ಉಳಿಯಿತು. ಇನ್ನೊಂದು ತೊಡಕೂ ಇದೆ. ಈಗಿನ ಮಾತ್ರೆಗಳು ಸೆರೊಟೋನಿನ್ ಮೇಲೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರುಮಾಡುತ್ತವೆ, ಮನಸ್ಸು ಹಗುರಾಗಲು ಮಾತ್ರ ವಾರಗಳೇ ಬೇಕು. 2022ರಲ್ಲಿ ಜೊವಾನಾ ಮೊನ್‌ಕ್ರೀಫ್ ಮತ್ತಿತರರು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆಯಿಲ್ಲ ಎಂದರು. ಅವರ ವಿಧಾನದ ಬಗ್ಗೆ ತಕರಾರುಗಳೂ ಬಂದವು. ಮಾತ್ರೆ ಅನೇಕರಿಗೆ ನೆರವಾಗುತ್ತದೆ ಎಂಬ ಮಾತು ಬೇರೆ, ರೋಗಕ್ಕೆ ಕಾರಣ ಏನೆಂಬ ಮಾತು ಬೇರೆ. ಇದನ್ನೋದಿ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಹಾಗಾದರೆ ದೇಹದಲ್ಲಿ ಆಗುವುದೇನು? ಒಂದು ಉತ್ತರಕ್ಕಾಗಿ ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ಹೊರಟರೆ ಸಾಕು. ಜಿಕೆವಿಕೆಯ ಹೊಲ, ತೋಪುಗಳ ನಡುವೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿನ ಸುಮಂತ್ರ ಚಟರ್ಜಿ ಅವರ ಪ್ರಯೋಗಾಲಯದಿಂದ 2002ರಲ್ಲಿ ಒಂದು ಲೇಖನ ಬಂತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟು, ಆಮೇಲೆ ಅವುಗಳ ಮೆದುಳನ್ನು ನೋಡಿದ್ದರು. ನರಕೋಶಕ್ಕೆ ಮರದಂತೆ ಕೊಂಬೆಗಳಿರುತ್ತವೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಕುಗ್ಗಿದ್ದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾದಲ್ಲಿ ಅದೇ ಒತ್ತಡಕ್ಕೆ ಕೊಂಬೆಗಳು ಇನ್ನಷ್ಟು ಹರಡಿದ್ದವು. 2004ರಲ್ಲಿ ಅದೇ ಪ್ರಯೋಗಾಲಯ ಮುಂದಿನ ಪ್ರಶ್ನೆ ಕೇಳಿತು: ಇಲಿಗಳನ್ನು 21 ದಿನ ಹಾಯಾಗಿ ಬಿಟ್ಟರೆ? ಹಿಪೊಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಲಾ ಆಗಲಿಲ್ಲ, ಇಲಿಯ ಆತಂಕವೂ ಇಳಿಯಲಿಲ್ಲ.

ಇಲಿ ಮನುಷ್ಯನಲ್ಲ, ನಿಜ. ಆದರೆ ದೀರ್ಘಕಾಲ ಖಿನ್ನತೆಯಿಂದ ನರಳಿದವರಲ್ಲಿ ಹಿಪೊಕ್ಯಾಂಪಸ್ ಸರಾಸರಿ ಸ್ವಲ್ಪ ಚಿಕ್ಕದಾಗಿರುವುದು, ಹಲವರಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹತೋಟಿ ತಪ್ಪಿರುವುದು ಸ್ಕ್ಯಾನ್‌ಗಳಲ್ಲಿ, ರಕ್ತಪರೀಕ್ಷೆಗಳಲ್ಲಿ ಕಂಡಿದೆ. ಆನುವಂಶಿಕತೆಯೂ ಇದೆ: ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಸುಮಾರು ಶೇ. 37 ಅದರ ಪಾಲು ಎಂದು 2000ದ ಅವಳಿಗಳ ಅಧ್ಯಯನಗಳ ಸಮೀಕ್ಷೆ ಹೇಳಿತು. ಅದೂ ಒಂದು ಜೀನಿನ ಕೆಲಸವಲ್ಲ. 2019ರ ಅಧ್ಯಯನವೊಂದು ಗುರುತಿಸಿದ 102 ಜೀನ್ ವ್ಯತ್ಯಾಸಗಳಲ್ಲಿ ಪ್ರತಿಯೊಂದರ ಪಾಲೂ ತೀರಾ ಚಿಕ್ಕದು.

ಈ ಚರಿತ್ರೆ ನನಗೆ ಮುಖ್ಯವಾಗುವುದು ಮನೆಯೊಳಗಿನ ಮಾತುಗಳಿಂದಾಗಿ. ಹಾಸಿಗೆ ಬಿಟ್ಟೇಳದವರನ್ನು ನಾವು ಮೈಗಳ್ಳರೆಂದು ಕರೆದವರು. ‘ಅದು ಮೆದುಳಿನ ರಾಸಾಯನಿಕ ಏರುಪೇರು’ ಎಂಬ ವಿವರಣೆ ಆ ಬೈಗುಳದಿಂದ ಎಷ್ಟೋ ಜನರನ್ನು ಪಾರುಮಾಡಿತು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅದೇ ವಿವರಣೆ ಇನ್ನೊಂದು ಪ್ರಶ್ನೆಯ ಬಾಯಿಯನ್ನೂ ಮುಚ್ಚಿಸಿತು. ತಿಂಗಳುಗಟ್ಟಲೆ ಫೆಲೋಶಿಪ್ ಬಾರದ ಸಂಶೋಧಕಿಗೆ, ಜಾತಿಯ ಹೆಸರಲ್ಲಿ ದಿನವೂ ಚುಚ್ಚಿಸಿಕೊಳ್ಳುವ ಹುಡುಗನಿಗೆ, ರಾತ್ರಿ ಪಾಳಿಯ ಗಾರ್ಮೆಂಟ್ಸ್ ಕೆಲಸದವಳಿಗೆ ‘ನಿನಗೆ ಏನಾಯಿತು?’ ಎಂದು ಕೇಳುವ ಬದಲು ‘ನಿನ್ನಲ್ಲಿ ಏನು ಕಡಿಮೆಯಿದೆ?’ ಎಂದು ಕೇಳುವುದನ್ನು ಕಲಿಸಿತು. ಜಿಕೆವಿಕೆಯ ಇಲಿಯನ್ನು ಹಿಡಿದಿಟ್ಟದ್ದು ಹೊರಗಿನ ಕೈ, ಕೊಂಬೆ ಕುಗ್ಗಿದ್ದು ಒಳಗೆ. ಜೈವಿಕ ಕಾರಣ ಒಂದು ಕಡೆ, ಬದುಕಿನ ಕಾರಣ ಇನ್ನೊಂದು ಕಡೆ ಎಂದು ಗೆರೆ ಎಳೆದವರು ನಾವು. ದೇಹಕ್ಕೆ ಆ ಗೆರೆ ಗೊತ್ತಿಲ್ಲ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 20 ವಯಸ್ಕರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆ ಕಂಡವರು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಗುವುದಿಲ್ಲ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಸಿಗುವುದು ಮನೆಯವರ ಬುದ್ಧಿವಾದವೇ ಹೆಚ್ಚು: ‘ಆದದ್ದು ಆಯಿತು, ಎದ್ದೇಳು.’ 21 ದಿನದ ನಂತರವೂ ಹರಡಿಕೊಂಡೇ ಇದ್ದ ಆ ಕೊಂಬೆಗಳನ್ನು ನೋಡಿದ ಮೇಲೆ ಇಷ್ಟು ಹೇಳಬಹುದು: ಕಷ್ಟ ಮುಗಿದ ದಿನವೇ ದೇಹಕ್ಕೂ ಮುಗಿಯುವುದಿಲ್ಲ. ಅದಕ್ಕೆ ಕಾಲ ಬೇಕು, ಮದ್ದು ಬೇಕಾಗಬಹುದು, ಹಿಡಿದಿಟ್ಟ ಕೈ ಸಡಿಲವಾಗುವುದಂತೂ ಬೇಕೇ ಬೇಕು.