ಮ್ಯಾಗ್ಸೆಸೆ ಪ್ರಶಸ್ತಿ ಮತ್ತು ನಮ್ಮ ನಾಡು

ಮಾರೇನಹಳ್ಳಿಯ ನಮ್ಮ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ, ಮ್ಯಾಗ್ಸೆಸೆ ಪ್ರಶಸ್ತಿಯೆಂದರೆ 'ಹೊಂದಿಸಿ ಬರೆಯಿರಿ'ಯ ಒಂದು ಅಂಕವೆಂದೇ ನಾನು ತಿಳಿದಿದ್ದೆ. 'ಏಷ್ಯಾದ ನೊಬೆಲ್' ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ಪಾಠವನ್ನು ಪೂರ್ತಿ ಮಾಡಬೇಕೆನಿಸಿದೆ.

ಫಿಲಿಪ್ಪೀನ್ಸ್ ದೇಶದ ಅಧ್ಯಕ್ಷರಾಗಿದ್ದ ರಾಮೋನ್ ಮ್ಯಾಗ್ಸೆಸೆ 1957ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪನೆಯಾಯಿತು. 1958ರ ಮೊದಲ ಪ್ರಶಸ್ತಿಗಳಲ್ಲಿ ಒಂದು ಭೂದಾನದ ವಿನೋಬಾ ಭಾವೆಯವರಿಗೆ ಸಂದಿತು.

ನಮ್ಮ ನಾಡಿನ ಪಾಲೂ ಚಿಕ್ಕದಲ್ಲ. ಮಂಗಳೂರಿನಲ್ಲಿ ಹುಟ್ಟಿ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ 1966ರಲ್ಲಿ, ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ 1984ರಲ್ಲಿ, ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ, ಬಡವರ ಮನೆಗೆ ಸೌರದೀಪ ಮುಟ್ಟಿಸಿದ ಹರೀಶ್ ಹಂದೆಯವರಿಗೆ 2011ರಲ್ಲಿ ಈ ಗೌರವ ದೊರೆಯಿತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ ಹೆಸರು 2016ರದು: ಬೆಜವಾಡ ವಿಲ್ಸನ್. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಅವರ ತಂದೆಯೂ ಅಣ್ಣನೂ ಮಲ ಬಾಚುವ ಕೆಲಸದಲ್ಲಿದ್ದವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದರು. ಕೇಂದ್ರದ ಕಾಯ್ದೆ 1993ರಲ್ಲಿ ಬಂತು. ಆದರೂ ಪದ್ಧತಿ ಉಳಿದಿತ್ತು. ವಿಲ್ಸನ್ ಮತ್ತು ಸಂಗಡಿಗರು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, ಒಣ ಶೌಚಾಲಯಗಳ ಫೋಟೋ, ಲೆಕ್ಕ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು. 1993ರಿಂದ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ನ್ಯಾಯಾಲಯ ಆದೇಶಿಸಿತು. ಮ್ಯಾನ್‌ಹೋಲ್ ಸಾವುಗಳು ಮಾತ್ರ ಇನ್ನೂ ನಿಂತಿಲ್ಲ.

ಆ ಸುದ್ದಿ ಓದಿದ ದಿನ ನಮ್ಮ ಶಾಲೆಯ ಶೌಚಾಲಯ ತೊಳೆಯುತ್ತಿದ್ದ ಅಮ್ಮ ನೆನಪಾದರು. ಗಂಟೆ ಬಾರಿಸುವ ಮುನ್ನವೇ ಕೆಲಸ ಮುಗಿಸಿ ಹೋಗುತ್ತಿದ್ದರು. ಎಷ್ಟೋ ವರ್ಷ ಎದುರಿಗೆ ಕಂಡರೂ ಅವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮನಿಲಾದ ಪ್ರಶಸ್ತಿ ಪಡೆದವರ ಹೆಸರುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವನು ನಾನು.

ಈ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯರ, ಶಿಕ್ಷಕರ ಪಟ್ಟಿ ಅಚ್ಚಾಗುತ್ತದೆ. ಅದರ ಕೆಳಗೆ ಐವತ್ತು ವರ್ಷ ಶಾಲೆಯನ್ನು ಶುಚಿಯಾಗಿಟ್ಟವರ ಹೆಸರುಗಳನ್ನೂ ಹುಡುಕಿ ಸೇರಿಸಬೇಕೆಂದು ಸಂಪಾದಕ ಮಂಡಳಿಯಲ್ಲಿ ನನ್ನ ವಿನಂತಿ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಆ ಅಮ್ಮನ ಹೆಸರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.