ಉಯಿಲು ಇಲ್ಲದ ಕಾನೂನಿಗೆ ಉಯಿಲು ಬಂದ ಬಗೆ

‘ಉಯಿಲು’ ಎಂಬುದು ಹಳ್ಳಿಯವರ ಬಾಯಲ್ಲೂ ಸಲೀಸಾಗಿ ಬರುವ ಮಾತು. ಆದರೆ ಅದು ಇಂಗ್ಲಿಷಿನ ‘ವಿಲ್’ ಪದದ ತದ್ಭವ. ಅದಕ್ಕೆ ಪರ್ಯಾಯವಾದ ‘ಮರಣಶಾಸನ’ವೂ ಕೋರ್ಟು ಕಚೇರಿಗಳಲ್ಲಿ ಬಳಕೆಗೆ ಬಂದ ಮಾತೇ. ಹಳೆಯ ಧರ್ಮಶಾಸ್ತ್ರಗಳಲ್ಲಿ ಇಂಥ ದಸ್ತಾವೇಜಿಗೆ ನೆಲೆಯಿರಲಿಲ್ಲ. ಅದಕ್ಕೆ ಕಾರಣವನ್ನು ಕನ್ನಡ ನೆಲದಲ್ಲೇ ಹುಟ್ಟಿದ ಗ್ರಂಥವೊಂದರಲ್ಲಿ ಕಾಣಬಹುದು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ ಸುಮಾರು ಐವತ್ತು ವರ್ಷ ಆಳಿದ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ ಮೂಡಿದ ಈ ಗ್ರಂಥ, ಬಂಗಾಳ ಮತ್ತು ಅಸ್ಸಾಮುಗಳನ್ನು ಬಿಟ್ಟರೆ, ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ನ್ಯಾಯಕ್ಕೆ ಆಧಾರವಾಯಿತು. ಅಳಿಯಸಂತಾನ ಕಟ್ಟಿನ ತುಳುನಾಡಿನ ಕುಟುಂಬಗಳಂಥವು ಮಾತ್ರ ಇದಕ್ಕೆ ಹೊರತು.

ಮಿತಾಕ್ಷರಾದ ನಿಲುವಿನಂತೆ, ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಮನೆಯ ಯಜಮಾನನೇ ಹೊರತು ಆಸ್ತಿಯ ಏಕಮಾತ್ರ ಒಡೆಯನಲ್ಲ. ಅವನು ಸತ್ತ ಗಳಿಗೆಯಲ್ಲೇ ಅವನ ಪಾಲು ಉಳಿದ ಪಾಲುದಾರರಲ್ಲಿ ಲೀನವಾಗುತ್ತಿತ್ತು. ಉಯಿಲು ಜಾರಿಗೆ ಬರುವುದು ಸತ್ತ ಮೇಲೆ. ಅಷ್ಟರಲ್ಲಿ ಕೊಡಲು ಅವನದೆನ್ನುವ ಪಾಲೇ ಉಳಿಯುತ್ತಿರಲಿಲ್ಲ. ಒಬ್ಬನ ದುಂದುಗಾರಿಕೆಯಿಂದ ಮನೆತನದ ಹೊಲ ಕೈಬಿಟ್ಟು ಹೋಗದಂತೆ ಈ ಏರ್ಪಾಡು ಕಾಯ್ದಿತು. ಆದರೆ ಅದರ ಬೆಲೆ ತೆತ್ತವರು ಹೆಂಗಸರು. ಅವಿಭಕ್ತ ಕುಟುಂಬದಲ್ಲಿ ವಿಧವೆಗೆ ದಕ್ಕುತ್ತಿದ್ದುದು ಜೀವನಾಂಶ, ಮಗಳಿಗೆ ಮದುವೆಯ ಖರ್ಚು.

ಬಂಗಾಳದ ದಾರಿ ಬೇರೆ. ಅಲ್ಲಿ ಪ್ರಮಾಣವಾಗಿದ್ದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆ ಬದುಕಿರುವವರೆಗೆ ಆಸ್ತಿ ಅವನದೇ. ಹೀಗಾಗಿ ಬ್ರಿಟಿಷರ ಕಾಲದಲ್ಲಿ ಉಯಿಲು ಅಲ್ಲಿ ಬೇಗ ಬೇರೂರಿತು. 1870ರ ಹಿಂದೂ ವಿಲ್ಸ್ ಕಾಯ್ದೆ ಮೊದಲು ಅನ್ವಯಿಸಿದ್ದೂ ಬಂಗಾಳ ಪ್ರಾಂತಕ್ಕೆ ಮತ್ತು ಮದರಾಸು, ಮುಂಬಯಿ ನಗರಗಳಿಗೆ.

ಉಯಿಲು ಬರೆದ ಮಾತ್ರಕ್ಕೆ ಇಷ್ಟ ನೆರವೇರುವುದಿಲ್ಲ ಎಂಬ ಪಾಠವೂ ಅಲ್ಲಿಂದಲೇ ಬಂತು. ಕಲ್ಕತ್ತೆಯ ಹೆಸರಾಂತ ವಕೀಲ ಪ್ರಸನ್ನಕುಮಾರ್ ಟ್ಯಾಗೋರ್, ಕ್ರೈಸ್ತ ಧರ್ಮಕ್ಕೆ ಸೇರಿದ ತನ್ನ ಒಬ್ಬನೇ ಮಗನನ್ನು ಬಿಟ್ಟು, ಆಸ್ತಿ ತಲೆಮಾರುಗಳವರೆಗೆ ಬೇರೆ ಗಂಡುಸಂತತಿಯಲ್ಲೇ ಸಾಗುವಂತೆ ಉಯಿಲು ಬರೆದಿಟ್ಟ. 1872ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಪೂರ್ತಿ ಒಪ್ಪಲಿಲ್ಲ. ಉಯಿಲು ಬರೆದವನು ಸಾಯುವಾಗ ಇನ್ನೂ ಹುಟ್ಟದವರಿಗೆ ಆಸ್ತಿ ಕೊಡಲಾಗದು, ಹಿಂದೂ ಧರ್ಮಶಾಸ್ತ್ರ ಅರಿಯದ ಬಗೆಯ ವಾರಸುದಾರಿಕೆಯನ್ನು ಸೃಷ್ಟಿಸಲಾಗದು ಎಂದಿತು. ಮೊದಲ ಫಲಾನುಭವಿಯ ಜೀವಿತಾವಧಿಯ ಹಕ್ಕು ಉಳಿಯಿತು. ಅದರ ನಂತರದ ಆಸ್ತಿ ಅದೇ ಮಗನಿಗೆ ಸಲ್ಲಬೇಕೆಂದು ತೀರ್ಮಾನವಾಯಿತು.

ಇತ್ತ ಮೈಸೂರು ಸಂಸ್ಥಾನ ಮಿತಾಕ್ಷರಾದ ಕಟ್ಟನ್ನು 1933ರಲ್ಲೇ ಸಡಿಲಿಸಿತು. ಆ ವರ್ಷದ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆ, ಪಾಲುಪಟ್ಟಿಯ ವೇಳೆ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೊಂದು ಬಾಗಿಲು ತೆರೆಯಿತು: ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನೂ ಪಾಲುದಾರನು ಉಯಿಲಿನ ಮೂಲಕ ಕೊಡಬಹುದು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುದಾರರೆಂದು ಮಾನ್ಯ ಮಾಡಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು.

ಇಲ್ಲೊಂದು ತೊಡಕಿದೆ. ಮಗಳಿಗೆ ಹುಟ್ಟಿನಿಂದ ಬಂದ ಪಾಲನ್ನು ತಂದೆಯ ಉಯಿಲು ಕಸಿಯಲಾರದು. ಆದರೆ ತಂದೆಯ ಸ್ವಂತ ಪಾಲು, ಸ್ವಯಾರ್ಜಿತ ಮನೆ, ಬ್ಯಾಂಕಿನ ಹಣ ಇವೆಲ್ಲ ಅವನ ಇಚ್ಛೆಗೆ ಬಿಟ್ಟದ್ದು. ಉಯಿಲಿಲ್ಲದಿದ್ದರೆ ಇವುಗಳಲ್ಲೂ ಮಗ, ಮಗಳು, ಹೆಂಡತಿ, ತಾಯಿಗೆ ಸಮಪಾಲು. ಒಂದು ಉಯಿಲು ಮಗಳ ಹೆಸರನ್ನು ಬಿಟ್ಟರೆ ಕಾಯ್ದೆ ಕೊಟ್ಟದ್ದನ್ನು ಕಾಗದ ಕಿತ್ತುಕೊಂಡಂತೆ. ಹಾಗೆಯೇ, ಕಾನೂನಿನ ಕಣ್ಣಿಗೆ ಬೀಳದ ಆಸರೆಯ ಜೀವಗಳಿಗೆ, ಸಾಕಿಕೊಂಡ ಅನಾಥ ಮಗುವಿಗೋ ಕೊನೆಗಾಲದಲ್ಲಿ ಆರೈಕೆ ಮಾಡಿದ ತಂಗಿಗೋ, ನೆರವಾಗಬಲ್ಲದ್ದೂ ಅದೇ ಕಾಗದ.

ಆ ಕಾಗದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಬರೆದವರ ಸಹಿ ಅಥವಾ ಹೆಬ್ಬೆಟ್ಟು ಮತ್ತು ಇಬ್ಬರು ಸಾಕ್ಷಿಗಳ ರುಜು. ಬದುಕಿರುವಾಗ ಎಷ್ಟು ಸಲವಾದರೂ ಬದಲಿಸಬಹುದು. ಕ್ರಮಬದ್ಧವಾದ ಕೊನೆಯದೇ ಊರ್ಜಿತ. ಆದರೆ ಬದಲಿಸಬೇಕಾದವರು ತಾವೇ ಬದಲಿಸಬೇಕು. ಕ್ರೈಸ್ತರು ಉಯಿಲು ಬರೆದ ಮೇಲೆ ಮದುವೆಯಾದರೆ ಅದು ತಾನಾಗಿ ರದ್ದಾಗುತ್ತದೆ. ಹಿಂದೂಗಳದು ಹಾಗೆ ರದ್ದಾಗುವುದಿಲ್ಲ. ಮದುವೆಗೆ ಮುಂಚೆ ಬರೆದಿಟ್ಟು ಮರೆತ ಹಾಳೆ, ಹೆಂಡತಿ ಮಕ್ಕಳ ಹೆಸರೇ ಇಲ್ಲದೆ ಮುಂದೆಂದೋ ಎದ್ದು ಬರಬಹುದು.

ಮಿತಾಕ್ಷರಾದ ಕಾಲದಲ್ಲಿ ಯಾರಿಗೆ ಏನು ಎಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು. ಇಂದು ಆ ಹೊಣೆಯ ಒಂದು ಭಾಗ ಮನೆಯ ಹಿರಿಯರ ಲೇಖನಿಗೆ ಬಂದಿದೆ. ಮನೆಯಲ್ಲೊಂದು ಹುಟ್ಟು, ಸಾವು, ಮದುವೆ ನಡೆದಾಗಲೆಲ್ಲ ಪೆಟ್ಟಿಗೆಯಲ್ಲಿನ ಆ ಕಾಗದವನ್ನು ತೆಗೆದು ಇನ್ನೊಮ್ಮೆ ಓದುವುದೂ ಅದೇ ಹೊಣೆಗೆ ಸೇರಿದ್ದು.